ಎಂಟು ಗಂಟೆಯ ಕೆಂಪು ಗೆರೆ

ಕಳೆದ ತಿಂಗಳು ನಮ್ಮ ಲೈಬ್ರರಿಯವರು ಹಳೆಯ ಡಿವಿಡಿಗಳನ್ನೆಲ್ಲ ಕಪಾಟಿನಿಂದ ತೆಗೆದು ಬಾಗಿಲ ಪಕ್ಕ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಬೇಕಾದವರು ಒಯ್ಯಬಹುದು ಎಂದು ಚೀಟಿ ಅಂಟಿಸಿದ್ದರು. ಪುಸ್ತಕ ಹಿಂತಿರುಗಿಸಿ ಹೊರಟವಳು ಬಗ್ಗಿ ನೋಡಿದೆ. ಮೇಲಿನಿಂದ ಮೂರನೆಯದು ಅದೇ, ನಾನೂ ಮೇಷ್ಟ್ರೂ ಹಿಂದೆ ಒಟ್ಟಿಗೆ ನೋಡುತ್ತಿದ್ದ ಪತ್ತೇದಾರಿ ಧಾರಾವಾಹಿ. ನೀಲಿ ಸಮುದ್ರ, ಬಾಗಿದ ತೆಂಗಿನ ಮರ, ಪೊಲೀಸ್ ಜೀಪಿಗೆ ಒರಗಿ ನಿಂತ ಬಿಳಿ ಟೋಪಿಯ ಹೆಂಗಸು. ಮುಚ್ಚಳ ತೆಗೆದಾಗ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಬಂತು. ಆರು ಡಿಸ್ಕುಗಳೂ ಇದ್ದವು. ಮೇಷ್ಟ್ರು ನನ್ನ ಸೋಫಾದ ಎಡತುದಿಯಲ್ಲಿ, ಮಫ್ಲರ್ ಕೂಡ ತೆಗೆಯದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಂತೆ ಕಂಡಿತು... ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಮನೆಗೆ ಬಂದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾನು ಅಮೆರಿಕದ ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕ್ಯಾನ್ಯನ್ ಪಾರ್ಕಿನ ಔಷಧ ಕಂಪನಿಯೊಂದರಿಂದ ನಿವೃತ್ತಳಾಗಿ ಒಂದು ವರ್ಷ. ಅಲ್ಲಿ ನನ್ನ ಕೆಲಸ ದಾಖಲೆಗಳ ತಪಾಸಣೆ. ಲ್ಯಾಬಿನವರು ಬರೆದ ಪ್ರತಿ ಹಾಳೆಯನ್ನೂ ಓದಿ ತಾರೀಖು, ಸಮಯ, ಸಹಿ ಸರಿಯಿವೆಯೇ ಎಂದು ನೋಡಬೇಕು. ಒಂದು ಅಂಕಿಯ ಮೇಲೆ ಇನ್ನೊಂದು ಅಂಕಿ ತಿದ್ದಿ ಬರೆದಿದ್ದರೆ ಹಾಳೆ ವಾಪಸು. ‘ಸುಮಾರು’ ಎಂಬ ಪದ ಕಂಡರೂ ವಾಪಸು. ಹುಡುಗಿಯಾಗಿದ್ದಾಗ ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವಳು ನಾನು. ಆ ಕೆಲಸ ನನಗೆ ಕಷ್ಟ ಅನ್ನಿಸಲೇ ಇಲ್ಲ.

ಮೇಷ್ಟ್ರು ಕೆಳಗಿನ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಗಳ ಜೊತೆ ಇದ್ದರು. ಎಪ್ಪತ್ತೈದು ದಾಟಿತ್ತು. ಮೈಸೂರಿನವರೇ, ಗಣಿತದ ಮೇಷ್ಟ್ರು. ನಡುವಯಸ್ಸಿನಲ್ಲಿ ಕಾಂಟ್ರಾಕ್ಟಿನ ಮೇಲೆ ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪಕ್ಕೆ ಹೋಗಿ ಹನ್ನೊಂದು ವರ್ಷ ಪಾಠ ಹೇಳಿದ್ದರು. ಬೆಳಿಗ್ಗೆ ಇಬ್ಬರೂ ಅಪಾರ್ಟ್‌ಮೆಂಟುಗಳ ಸುತ್ತ ನಡೆಯುತ್ತಿದ್ದೆವು. ಪರಿಚಯವಾದದ್ದೇ ಹಾಗೆ.

“ನಿಮ್ಮ ವಾಚಲ್ಲಿ ಎಷ್ಟಮ್ಮಾ?” ಎಂದು ಕೇಳಿದ್ದರು.

“ಆರು ಮೂವತ್ತೆರಡು.”

“ವಾಚ್ ಸರಿಯಾಗಿದೆ. ನೀವೇ ಎರಡು ನಿಮಿಷ ಲೇಟು.”

ನನ್ನನ್ನು ಲೇಟು ಎಂದವರು ಜೀವನದಲ್ಲಿ ಅವರೊಬ್ಬರೇ. ಮರುದಿನ ನಾನು ಆರು ಇಪ್ಪತ್ತೆಂಟಕ್ಕೆ ಹೋಗಿ ನಿಂತೆ. ಅವರು ಅದಕ್ಕೂ ಮುಂಚೆ ಬಂದಿದ್ದರು.

ಆ ಧಾರಾವಾಹಿಯನ್ನು ತರಿಸಿದ್ದು ಅವರೇ. ಲೈಬ್ರರಿಯಲ್ಲಿ ಡಬ್ಬಿಯ ಚಿತ್ರ ನೋಡಿದ್ದರಂತೆ. ಮನೆಯಲ್ಲಿ ನೋಡಲು ಟಿವಿ ಬಿಡುವಿಲ್ಲ. “ಮೊಮ್ಮಗಳ ಕಾರ್ಟೂನ್ ಮುಗಿದ್ರೆ ಅಳಿಯನ ಫುಟ್‌ಬಾಲು. ನಾನು ರಿಮೋಟ್ ಮುಟ್ಟಿದ್ರೆ ಆ ಮಗು ‘ತಾತ, ನೋ!’ ಅನ್ನತ್ತೆ. ಕನ್ನಡ ಅರ್ಥ ಆಗತ್ತೆ ಅದಕ್ಕೆ, ಆದ್ರೆ ಬಯ್ಯೋದು ಮಾತ್ರ ಇಂಗ್ಲಿಷಲ್ಲಿ” ಎಂದರು. ಹಾಗಾಗಿ ನನ್ನ ಮನೆಯಲ್ಲಿ ನೋಡುವುದೆಂದಾಯಿತು. ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಮೂರಕ್ಕೆ, ಒಂದು ದಿನಕ್ಕೆ ಒಂದೇ ಕಂತು. ನಡುವೆ ನಿಲ್ಲಿಸಿ ಕಾಫಿ. ನವೆಂಬರಿನಲ್ಲಿ ಶುರು ಮಾಡಿದೆವು.

ಸಮುದ್ರತೀರ, ಕುಣಿತ, ಗುಂಡಿನ ಸದ್ದು ಇರುತ್ತದೆ ಎಂದುಕೊಂಡಿದ್ದೆ. ಇದು ಬೇರೆ ಥರ. ಕಥೆಯ ದ್ವೀಪಕ್ಕೆ ಕಲ್ಪಿತ ಹೆಸರು. ನಾಯಕಿ ಪೊಲೀಸ್ ಇನ್‌ಸ್ಪೆಕ್ಟರ್, ಬಟ್ಟೆ ಒಗೆಯುವವಳ ಮಗಳು. ದೊಡ್ಡ ಮನೆಗಳ ಮುಂಬಾಗಿಲಿಗೆ ಹೋದರೆ ಅವಳಿಗೆ ಒಂದು ಲೋಟ ನೀರು ಮತ್ತು ಸುಳ್ಳು ಸಿಗುತ್ತಿತ್ತು. ಅಮ್ಮನ ಜೊತೆ ಹೋಗಿ ಅಭ್ಯಾಸವಿದ್ದ ಹಿತ್ತಿಲ ಬಾಗಿಲಿನಿಂದ ಹೋದರೆ ಅಡುಗೆಮನೆಯಲ್ಲಿ ನಿಜ ಸಿಗುತ್ತಿತ್ತು. ಯಾರ ಮೈಬಣ್ಣ ಒಂದು ಛಾಯೆ ತಿಳಿ, ಯಾರ ಅಜ್ಜ ಕಬ್ಬಿನ ಗದ್ದೆಯ ಕೂಲಿಗೆಂದು ಹಡಗಿನಲ್ಲಿ ಬಂದವನು, ಚರ್ಚಿನಲ್ಲಿ ಯಾರು ಮುಂದಿನ ಸಾಲು... ಕೊಲೆಗಾರನನ್ನು ಹುಡುಕುವ ನೆಪದಲ್ಲಿ ಇವೆಲ್ಲ ಬಯಲಾಗುತ್ತಿದ್ದವು. ಅವಳು ಯಾರನ್ನೂ ಗದರಿಸುತ್ತಿರಲಿಲ್ಲ. ಅಡುಗೆಯವರ ಪಕ್ಕ ಕುಳಿತು ಹಸಿ ಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತ ಸುಲಿಯುತ್ತ ಅವರೇ ಬಾಯಿ ಬಿಡುತ್ತಿದ್ದರು.

“ನೋಡಿದ್ರಾ, ತೊಗರಿಕಾಯಿ!” ಎಂದು ಮೇಷ್ಟ್ರು ಮೊದಲ ದಿನವೇ ಎದ್ದು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ್ದರು. “ಅಲ್ಲಿ ಕ್ರಿಸ್ಮಸ್‌ಗೆ ಇದೇ. ನನ್ನ ಹೆಂಡ್ತಿ ಹುಳಿ ಮಾಡ್ತಿದ್ಲು. ಪಕ್ಕದ ಮನೆಯವ್ರು ಅನ್ನದ ಜೊತೆ ಬೇಯಿಸ್ತಿದ್ರು.”

ಅವರಿಗೆ ತಪ್ಪು ಹುಡುಕುವ ಚಟ. ಶಾಲೆಯ ಸಮವಸ್ತ್ರ ಸರಿಯಿಲ್ಲ, ಬಸ್ಸಿನ ಬಣ್ಣ ಸರಿಯಿಲ್ಲ, ಅಷ್ಟು ಬಿಸಿಲಿಗೆ ಯಾರೂ ಟೈ ಕಟ್ಟುವುದಿಲ್ಲ. ಕೊಲೆಗಾರ ಯಾರೆಂದು ಕಾಫಿಗೆ ಮುಂಚೆಯೇ ಹೇಳಿಬಿಡುತ್ತಿದ್ದರು.

“ಸುಮ್ನಿರಿ ಮೇಷ್ಟ್ರೇ, ನನಗಾದ್ರೂ ನೋಡೋಕೆ ಬಿಡಿ” ಎಂದರೆ, “ಸಾಕ್ಷಿ ಹೇಳೋಕೆ ಮುಂದೆ ಮುಂದೆ ಬರೋನೇ ಕಳ್ಳ ಅಮ್ಮಾ. ಅಲ್ಲಿ ನಿಜವಾಗ್ಲೂ ನೋಡಿದೋನು ‘ನಾನಲ್ಲಿ ಇರ್ಲೇ ಇಲ್ಲ’ ಅಂತಾನೆ” ಎನ್ನುತ್ತಿದ್ದರು.

“ನಮ್ಮೂರೇ ವಾಸಿ. ನೋಡದೇ ಇದ್ದೋರೂ ‘ನಾನೇ ನೋಡ್ದೆ’ ಅಂತಾರೆ.”

ಇಬ್ಬರೂ ನಕ್ಕಿದ್ದೆವು. ಆ ನಗು ಹೇಗೆ ಮುಗಿಯಿತು ಎಂದು ಈಗ ಎಷ್ಟು ನೆನೆಸಿಕೊಂಡರೂ ಹೊಳೆಯುವುದಿಲ್ಲ...

ಜನವರಿ ಕೊನೆಯಲ್ಲಿ ನಾಲ್ಕನೆಯ ಡಿಸ್ಕಿಗೆ ಬಂದಿದ್ದೆವು. ಹೊರಗೆ ವಾರದಿಂದ ಬಿಡದ ಜಿನುಗು. ಆ ಕಂತಿನಲ್ಲಿ ಕೊಲೆ ಹೊಸದಲ್ಲ, ಇಪ್ಪತ್ತು ವರ್ಷ ಹಳೆಯದು. ಒಬ್ಬನಿಗೆ ಶಿಕ್ಷೆಯೂ ಆಗಿಹೋಗಿತ್ತು. ತೋಟದ ಆಫೀಸಿನ ಮುದಿ ಗುಮಾಸ್ತನೊಬ್ಬನ ಅಡುಗೆಮನೆಗೆ ಇನ್‌ಸ್ಪೆಕ್ಟರ್ ಬಂದಳು. ಕುಳಿತಳು. ಕಾಯಿ ಸುಲಿದಳು. ಬಹಳ ಹೊತ್ತು ಕಾಯಿಯ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಆ ಮುದುಕ, ತಲೆ ಎತ್ತದೆ, ಆ ದಿನ ನಾನು ಅವನನ್ನು ನೋಡಿದೆ ಎಂದ.

“ನಿಲ್ಸಿ” ಎಂದರು ಮೇಷ್ಟ್ರು.

ಕಾಫಿಗೆ ಇನ್ನೂ ಹೊತ್ತಿತ್ತು. ಆದರೂ ನಿಲ್ಲಿಸಿದೆ. ಅವರು ಎದ್ದು, ಚಪ್ಪಲಿ ಹಾಕಿಕೊಂಡು, ಬಾಗಿಲು ತಾವೇ ತೆಗೆದು ಹೋದರು. ಮೈ ಹುಷಾರಿಲ್ಲವೇನೋ ಅಂದುಕೊಂಡೆ. ಮುಂದಿನ ಶುಕ್ರವಾರ ಮೂರಕ್ಕೆ ಸರಿಯಾಗಿ ಬಂದರು. ನಾನು ಟಿವಿ ಹಾಕಲು ಹೋದೆ. ಬೇಡ ಎಂದು ಕೈ ಮಾಡಿದರು. ಅಂದು ಹೇಳಿದರು. ಮೇಷ್ಟ್ರು ಪಾಠ ಹೇಳುವ ಹಾಗೆ, ಮೊದಲಿಂದ ಕೊನೆಯವರೆಗೆ, ಒಂದೇ ದನಿಯಲ್ಲಿ.

ದ್ವೀಪದ ಶಾಲೆಯಲ್ಲಿ ಸಿಬ್ಬಂದಿಯ ಹಾಜರಿ ಪುಸ್ತಕ ಅವರ ಜವಾಬ್ದಾರಿಯಾಗಿತ್ತು. ನಮ್ಮ ಕಡೆಯ ಕಚೇರಿಗಳ ಕ್ರಮವನ್ನೇ ಅವರು ಅಲ್ಲಿ ತಂದಿದ್ದರು. ಬೆಳಿಗ್ಗೆ ಎಂಟು ಹೊಡೆದ ಕೂಡಲೇ ಕಡೆಯ ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ. ಆಮೇಲೆ ಬಂದವರಿಗೆ ಅರ್ಧ ದಿನ ಗೈರುಹಾಜರಿ. ಹೆಡ್‌ಮಾಸ್ಟರಾದರೂ ಸರಿ, ಕಸ ಗುಡಿಸುವವರಾದರೂ ಸರಿ. ಮೊದಮೊದಲು ನಗುತ್ತಿದ್ದ ಜನ ಆಮೇಲೆ ಓಡಿ ಬರತೊಡಗಿದರಂತೆ. ಹನ್ನೊಂದು ವರ್ಷದಲ್ಲಿ ಒಂದೂ ತಿದ್ದುಪಡಿ ಇಲ್ಲದ ಪುಸ್ತಕ ಎಂದು ಶಿಕ್ಷಣ ಇಲಾಖೆಯವರು ಮೆಚ್ಚಿದ್ದರು.

ಅದೊಂದು ರಜೆಯ ಕಾಲ. ಶಾಲೆಯಲ್ಲಿ ಇದ್ದವರು ಇಬ್ಬರೇ. ಲೆಕ್ಕದ ಕೆಲಸಕ್ಕೆ ಬಂದ ಮೇಷ್ಟ್ರು ಮತ್ತು ಶಾಲೆಯ ತೋಟದವನು. ಮೂವತ್ತು ವರ್ಷದ, ನಗುನಗುತ್ತ ಮಾತಾಡುವ ಆಳು. ಅಂದು ಅವನು ಎಂಟು ಹತ್ತಕ್ಕೆ ಬಂದ. ಪೆನ್ನು ಕೇಳಿದ. ಗೆರೆ ಹಾಕಿಯಾಗಿದೆ ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ಅವನು ಭುಜ ಕುಣಿಸಿ ನಕ್ಕು, ಸಂಬಳವಿಲ್ಲದಿದ್ದರೂ ಗಿಡಗಳಿಗೆ ನೀರು ಬೇಡವೇ ಎಂದು ಗುದ್ದಲಿ ತೆಗೆದುಕೊಂಡು ಹೋದ. ಮಧ್ಯಾಹ್ನದವರೆಗೆ ಮೇಷ್ಟ್ರ ಕಿಟಕಿಯ ಕೆಳಗೇ ಅಗೆದ. ಗುದ್ದಲಿಯ ಸದ್ದು ಲೆಕ್ಕಕ್ಕೆ ಅಡ್ಡಿಯಾಗುತ್ತದೆ ಎಂದು ಅವರು ಒಮ್ಮೆ ಕಿಟಕಿಯಿಂದ ಬಗ್ಗಿ ಗದರಿಯೂ ಇದ್ದರು. ಹನ್ನೆರಡಕ್ಕೆ ಅವನು ಬಂದು ಪುಸ್ತಕದ ಮಧ್ಯಾಹ್ನದ ಕಾಲಮ್ಮಿನಲ್ಲಿ ಸಹಿ ಹಾಕಿದ.

ಅದೇ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ನಾಲ್ಕು ಮೈಲಿ ದೂರದ ಬಂದರಿನಲ್ಲಿ, ಬಟ್ಟೆ ಅಂಗಡಿಯವನೊಬ್ಬನನ್ನು ಯಾರೋ ಇರಿದು ಕೊಂದರು. ಹಿಂದಿನ ವಾರ ಆ ಅಂಗಡಿಯ ಮುಂದೆ ಜಗಳವಾಡಿದ್ದವನು ಈ ತೋಟದವನು. ಪೊಲೀಸರು ಅವನನ್ನು ಹಿಡಿದರು. ನಾನು ಶಾಲೆಯಲ್ಲಿದ್ದೆ, ಮೇಷ್ಟ್ರನ್ನು ಕೇಳಿ ಎಂದು ಅವನು ಹೇಳಿದ. ಪೊಲೀಸರು ಬಂದು ಪುಸ್ತಕ ನೋಡಿದರು. ಬೆಳಿಗ್ಗೆ ಗೈರುಹಾಜರಿ.

“ಪುಸ್ತಕ ಸರೀನಾ ಅಂತ ಕೇಳಿದ್ರು. ಸರಿ ಅಂದೆ” ಎಂದರು ಮೇಷ್ಟ್ರು. “ಸರಿಯಾಗೇ ಇತ್ತಲ್ಲ... ನಿಯಮದ ಪ್ರಕಾರ.”

ಕಾಂಟ್ರಾಕ್ಟ್ ಮುಂದುವರಿಸುವ ಕಾಗದ ಆಗ ಇಲಾಖೆಯಲ್ಲಿತ್ತು. ತೊಡಕು ಮಾಡಿಕೊಳ್ಳಬೇಡಿ ಎಂದು ಹೆಡ್‌ಮಾಸ್ಟರು ಸೂಚಿಸಿದ್ದರು. ಪರದೇಶದಲ್ಲಿ ಪೊಲೀಸು, ಕೋರ್ಟು ಸಹವಾಸ ಬೇಡ ಎಂದು ಹೆಂಡತಿ ಅತ್ತಿದ್ದರು. ಮಗಳಿಗೆ ಆಗ ಐದು ವರ್ಷ. ಕೋರ್ಟಿನಲ್ಲಿ ತೋಟದವನ ವಕೀಲ ಎದ್ದು, ಅಂದು ಬೆಳಿಗ್ಗೆ ಇವನನ್ನು ನೀವು ಕಣ್ಣಾರೆ ಕಂಡಿರಾ ಎಂದು ಕೇಳಿದ. ಪುಸ್ತಕದಲ್ಲಿರುವುದೇ ನನ್ನ ಹೇಳಿಕೆ ಎಂದರು ಮೇಷ್ಟ್ರು. ವಕೀಲ ಇನ್ನೊಂದು ಸಲ ಕೇಳಲಿಲ್ಲ. ಕಟಕಟೆಯಿಂದ ತೋಟದವನು, ಟೀಚರ್, ನೀವು ನನ್ನನ್ನು ಗದರಿದ್ದು ಹೇಳಿ ಎಂದು ಕೂಗಿದನಂತೆ. ನ್ಯಾಯಾಧೀಶರು ಸುಮ್ಮನಿರಿಸಿದರು. ಜೀವಾವಧಿಯಾಯಿತು. ಮೇಷ್ಟ್ರಿಗೆ ಕಾಂಟ್ರಾಕ್ಟ್ ಸಿಕ್ಕಿತು.

ನಾನು ರಿಮೋಟನ್ನು ಮೇಜಿನ ಮೇಲಿಟ್ಟೆ.

“ಬದುಕಿದ್ರೆ ಅವನಿಗೆ ಈಗ ಅರವತ್ತರ ಹತ್ರ” ಎಂದರು. “ಆ ಗುಮಾಸ್ತ ಟಿವಿಯಲ್ಲಿ ಹೇಳಿದ ಹಾಗೆ ನಾನೂ ಹೇಳ್ಬಹುದಾ? ಕೋರ್ಟು ಏನಾದ್ರೂ ಮಾಡ್ಲಿ, ಬಿಡ್ಲಿ. ಅವನು ಬದುಕಿರೋವಾಗ ಅವನ ಕೈಗೆ ಒಂದು ಕಾಗದ ಹೋಗ್ಬೇಕು. ನಾನು ಅವನನ್ನ ನೋಡ್ದೆ ಅಂತ. ಅಷ್ಟೇ ಅಮ್ಮಾ. ನೀವು ಕಾಗದಪತ್ರ ಬಲ್ಲೋರು. ಮಗಳಿಗೆ ಹೇಳ್ಬೇಡಿ.”

ಒಪ್ಪಿಕೊಂಡೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ಆ ದ್ವೀಪದ ಕೋರ್ಟಿನ ವಿಳಾಸ, ಶಾಲೆಯ ವಿಳಾಸ ಹುಡುಕಿದೆ. ಮೇಷ್ಟ್ರು ಮೊದಲು ಕನ್ನಡದಲ್ಲಿ ಬರೆದರು. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದಿದ್ದರು. ನಾನು ಅದನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿದೆ. ಮೂರು ಪುಟ. ಫೆಬ್ರವರಿಯ ಎರಡನೆಯ ವಾರದಲ್ಲಿ ಅದು ನನ್ನ ಮೇಜಿನ ಮೇಲಿತ್ತು. ಓದಿದರೆ ಯಾರಿಗಾದರೂ ಅರ್ಥವಾಗುತ್ತಿತ್ತು.

ಆದರೆ ನಾನು ಅದನ್ನು ತಪಾಸಣೆಗೆ ತೆಗೆದುಕೊಂಡೆ.

‘ಎಂಟೂಕಾಲರೊಳಗೆ’ ಎಂದು ಒಂದು ಕಡೆ, ‘ಎಂಟು ಹತ್ತಕ್ಕೆ’ ಎಂದು ಇನ್ನೊಂದು ಕಡೆ ಇತ್ತು. ಎರಡೂ ಒಂದೇ ಆಗಬೇಕು ಎಂದೆ. ಕಿಟಕಿ ಯಾವ ದಿಕ್ಕಿಗೆ, ಮರೆಯಾಗುವಂತೆ ಗಿಡಗಳಿದ್ದವೇ, ಕಿಟಕಿಯಿಂದ ಬಗ್ಗಿದ್ದು ಎಷ್ಟು ಹೊತ್ತಿಗೆ... ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಕೆಂಪು ಪೆನ್ಸಿಲಿನ ಗುರುತು ಹಾಕಿ ಕೊಟ್ಟೆ. ಅವರು ಒಂದು ಮಾತೂ ಆಡದೆ ತೆಗೆದುಕೊಂಡು ಹೋಗಿ ತಿದ್ದಿ ತರುತ್ತಿದ್ದರು. ಧಾರಾವಾಹಿ ಅಲ್ಲಿಗೇ ನಿಂತಿತ್ತು. ಆ ಮುದಿ ಗುಮಾಸ್ತ ಮುಂದೆ ಏನು ಹೇಳಿದ ಎಂದು ನಾವಿಬ್ಬರೂ ನೋಡಲೇ ಇಲ್ಲ.

ಒಂದು ಸಲ ಮಾತ್ರ ಕೇಳಿದರು. “ಇಷ್ಟು ಸಾಕಲ್ವಾ ಅಮ್ಮಾ? ಅವನಿಗೆ ಅರ್ಥ ಆದ್ರೆ ಆಯ್ತಲ್ಲ.”

“ಕೋರ್ಟಿಗೂ ಹೋಗೋ ಕಾಗದ ಮೇಷ್ಟ್ರೇ. ಒಂದು ತಪ್ಪಿದ್ರೂ ಎತ್ತಿ ಬಿಸಾಕ್ತಾರೆ. ಆಮೇಲೆ ಇನ್ನೊಂದು ಸಲ ಕಳ್ಸೋಕೆ ಆಗಲ್ಲ.”

“ಕೋರ್ಟಿಗೆ ಬೇಕಾದ್ರೆ ಆಮೇಲೆ ಕಳ್ಸೋಣ. ಅವನಿಗೆ...”

“ಎರಡೂ ಒಟ್ಟಿಗೇ ಹೋಗ್ಲಿ. ಎರಡು ಥರದ ಪ್ರತಿ ಓಡಾಡ್ಬಾರದು.”

ಅದು ನನ್ನ ಇಪ್ಪತ್ತೆರಡು ವರ್ಷದ ಕೆಲಸದ ನಿಯಮ. ಒಂದು ದಾಖಲೆಗೆ ಒಂದೇ ಪ್ರತಿ. ಅವರು ನಿಯಮಕ್ಕೆ ತಲೆಬಾಗುವವರು. ತಲೆಬಾಗಿದರು.

ಮಾರ್ಚ್ ಕೊನೆಗೆ ಎಲ್ಲ ಸರಿಯಾಯಿತು. ನೋಟರಿಯ ಮುಂದೆ ಸಹಿ ಹಾಕಬೇಕಿತ್ತು. ಹತ್ತಿರದ ಬ್ಯಾಂಕಿನಲ್ಲಿ ಶುಕ್ರವಾರ ಹತ್ತು ಗಂಟೆಗೆ ಸಮಯ ತೆಗೆದುಕೊಂಡೆ. ಅಷ್ಟರಲ್ಲಿ ಅವರ ಮಗಳು ಅಲ್ಲಿಂದ ಅರ್ಧ ಗಂಟೆ ದೂರದ ಸ್ನೊಕ್ವಾಲ್ಮಿ ಎಂಬ ಊರಿನಲ್ಲಿ ಹೊಸ ಮನೆ ಕೊಂಡಿದ್ದಳು. ಏಪ್ರಿಲಿನಲ್ಲಿ ಅಲ್ಲಿಗೆ ಹೋಗುವುದು ಎಂದಾಗಿತ್ತು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ನನ್ನ ಬಾಗಿಲು ತಟ್ಟಿದರು. ಇಸ್ತ್ರಿ ಮಾಡಿದ ಅಂಗಿ, ಕೋಟು, ಜೇಬಿನಲ್ಲಿ ಪಾಸ್‌ಪೋರ್ಟು. ಅವರು ಹೇಳದೆ ಬಂದದ್ದು ಅದೇ ಮೊದಲು.

“ಇವತ್ತೇ ಹೋಗ್ಬಿಡೋಣ ಅಮ್ಮಾ. ರಾತ್ರಿಯೆಲ್ಲ ತಲೆ ಒಂಥರಾ ಇತ್ತು.”

ಬ್ಯಾಂಕಿಗೆ ನಡೆದರೆ ಹನ್ನೆರಡು ನಿಮಿಷ. ನೋಟರಿ ಮಾಡುವ ಹೆಂಗಸು ಬುಧವಾರವೂ ಇರುತ್ತಿದ್ದಳು. ಆದರೆ ಹಿಂದಿನ ದಿನವಷ್ಟೇ ಎರಡನೆಯ ಪುಟದಲ್ಲಿ ಒಂದು ತಪ್ಪು ಕಣ್ಣಿಗೆ ಬಿದ್ದಿತ್ತು. ತೋಟದವನ ಹೆಸರಿನಲ್ಲಿ ಒಂದು ಅಕ್ಷರ ಮೊದಲ ಪುಟಕ್ಕೂ ಇದಕ್ಕೂ ಬೇರೆ. ಪೆನ್ನಿನಲ್ಲಿ ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿಸಿದ್ದರೆ ಸಾಕಿತ್ತು. ನನಗೆ ತಿದ್ದಿದ ಪುಟ ಬೇಕಿರಲಿಲ್ಲ.

“ಆ ಪುಟ ಬೇರೆ ಟೈಪ್ ಮಾಡ್ಬೇಕು ಮೇಷ್ಟ್ರೇ. ಇವತ್ತು ಬುಧವಾರ, ನನಗೆ ಡಾಕ್ಟರ ಹತ್ರ ಹೋಗೋದಿದೆ. ಶುಕ್ರವಾರ ಹತ್ತಕ್ಕೆ ಅಂತ ಆಗಿದೆಯಲ್ಲ, ಎರಡೇ ದಿನ.”

ಅವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎಂದೆ. ಬರಲಿಲ್ಲ.

“ಗೆರೆ ಹಾಕ್ಬಿಟ್ರಾ?” ಎಂದರು. ಸಣ್ಣಗೆ ನಕ್ಕರು. ನಾನೂ ನಕ್ಕೆ ಎಂದು ನೆನಪು... ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವರ ಮಗಳ ಫೋನು. “ಆಂಟಿ, ಅಪ್ಪ ಹಾಸ್ಪಿಟಲಲ್ಲಿದಾರೆ. ನೆನ್ನೆ ಮಧ್ಯಾಹ್ನ ಸ್ಟ್ರೋಕ್ ಆಯ್ತು. ನಿಮ್ಮನೆ ಕಡೆ ಕೈ ತೋರಿಸ್ತಾನೇ ಇದ್ರು. ನೀವು ಒಂದ್ಸಲ ಬರ್ತೀರಾ?”

ಹೋದೆ. ಬಲಗೈ ಬಿದ್ದುಹೋಗಿತ್ತು. ಮಾತು ಹೋಗಿತ್ತು. ಕಣ್ಣು ಮಾತ್ರ ಸ್ಪಷ್ಟವಾಗಿತ್ತು. ನನ್ನನ್ನು ಕಂಡ ಕೂಡಲೇ ನನ್ನ ಚೀಲ ನೋಡಿದರು. ಕಾಗದ ಚೀಲದಲ್ಲಿತ್ತು, ಹೊಸದಾಗಿ ಟೈಪ್ ಮಾಡಿದ ಎರಡನೆಯ ಪುಟದ ಸಮೇತ. ಮಗಳು ಡಾಕ್ಟರ ಜೊತೆ ಹೊರಗೆ ಹೋದಾಗ ತೆಗೆದು ತೋರಿಸಿದೆ. ಅವರು ಎಡಗೈ ಎತ್ತಿದರು. ಬೆರಳುಗಳನ್ನು ಪೆನ್ನು ಹಿಡಿದ ಹಾಗೆ ಮಡಿಸಿದರು.

ಆ ಹೊತ್ತಿನಲ್ಲಿ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಬೇಕು. “ನೋಟರಿ ಎದುರಿಗೆ ಇಲ್ದೆ ಹಾಕಿದ್ರೆ ಆ ಸಹಿ ನಡೆಯಲ್ಲ ಮೇಷ್ಟ್ರೇ. ಸೋಮವಾರ ಇಲ್ಲಿಗೇ ಕರೆಸ್ತೀನಿ. ಎಡಗೈ ಆದ್ರೂ ಪರವಾಗಿಲ್ಲ ಅಂತ ಬರೆಸೋಣ.”

ಎಡಗೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹೊದಿಕೆಯ ಮೇಲೆ ಇಳಿಯಿತು. ನಾನು ಕಾಗದವನ್ನು ಕವರಿಗೆ ಹಾಕಿಕೊಂಡೆ.

ಭಾನುವಾರ ಹೋಗಿಬಿಟ್ಟರು.

ಹದಿಮೂರನೆಯ ದಿನದ ಊಟವಾದ ಮೇಲೆ ಮಗಳಿಗೆ ಎಲ್ಲ ಹೇಳಿದೆ. ಮೇಷ್ಟ್ರು ಹೇಳಬೇಡಿ ಎಂದಿದ್ದರು. ಆದರೆ ಅವರ ಹೆಸರಿನ ಕಾಗದ ಅವಳ ಒಪ್ಪಿಗೆ ಇಲ್ಲದೆ ಕಳಿಸುವುದು ಸರಿ ಕಾಣಲಿಲ್ಲ. ಒಂದರ ಮೇಲೊಂದು ಇಟ್ಟಿದ್ದ ಸಾಮಾನಿನ ಪೆಟ್ಟಿಗೆಗಳ ನಡುವೆ ಅವಳು ಕುಳಿತು ಮೂರು ಪುಟವನ್ನೂ ಓದಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ.

“ಆ ತೋಟದವನು ನನಗೆ ಸೀಬೆಹಣ್ಣು ಕೊಡ್ತಿದ್ದ ಆಂಟಿ” ಎಂದಳು. “ಒಂದಿನ ಕಾಣಿಸ್ಲಿಲ್ಲ. ಎಲ್ಲಿ ಅಂತ ಕೇಳ್ದೆ. ಅಪ್ಪ, ಅವನು ಊರು ಬಿಟ್ಟು ಹೋದ ಅಂದ್ರು. ನಾನು ನಂಬ್ದೆ.” ಪುಟಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು. “ಕಳ್ಸಿ. ನಾನು ಅಡ್ಡ ಬರಲ್ಲ.” ಮತ್ತೆ ಆ ಮಾತನ್ನು ಅವಳು ಎತ್ತಲಿಲ್ಲ. ಸ್ನೊಕ್ವಾಲ್ಮಿಗೆ ಹೋದ ಮೇಲೆ ಒಂದೆರಡು ಹಬ್ಬಕ್ಕೆ ಕರೆದಳು. ಆಮೇಲೆ ಅದೂ ನಿಂತಿತು.

ಸಹಿಯಿಲ್ಲದ ಹೇಳಿಕೆಯ ಜೊತೆ, ಇದನ್ನು ಅವರ ಬಾಯಿಂದಲೇ ಕೇಳಿದೆನೆಂದು ನಾನೊಂದು ಪತ್ರ ಬರೆದು, ಕೋರ್ಟಿಗೊಂದು, ಶಾಲೆಯ ಮೂಲಕ ತೋಟದವನ ಮನೆಯವರಿಗೊಂದು ಕಳಿಸಿದೆ. ಕೋರ್ಟಿನಿಂದ ಉತ್ತರ ಬೇಗ ಬಂತು. ಸಹಿಯಿಲ್ಲದ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗದು. ಎರಡು ಸಾಲು. ನಾನು ಆ ಕುರ್ಚಿಯಲ್ಲಿದ್ದಿದ್ದರೆ ಅದನ್ನೇ ಬರೆಯುತ್ತಿದ್ದೆ.

ಎರಡನೆಯದಕ್ಕೆ ಆಗಸ್ಟಿನಲ್ಲಿ ಉತ್ತರ ಬಂತು. ತೋಟದವನ ತಂಗಿ ಬರೆದಿದ್ದಳು. ಗೆರೆಯಿದ್ದ ಹಾಳೆ, ದುಂಡು ಅಕ್ಷರ. ಅಣ್ಣ ಇಪ್ಪತ್ತೆರಡು ವರ್ಷ ಜೈಲಿನಲ್ಲಿದ್ದು ಹೊರಗೆ ಬಂದಿದ್ದ, ತನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದ ಎಂದಿತ್ತು. ಇಂಡಿಯಾದ ಮೇಷ್ಟ್ರು ನನ್ನನ್ನು ನೋಡಿದ್ದಾರೆ, ಕಿಟಕಿಯಿಂದ ಬಗ್ಗಿ ಬೈದಿದ್ದಾರೆ ಎಂದು ಮೊದಲ ದಿನದಿಂದ ಕೊನೆಯ ದಿನದವರೆಗೂ ಹೇಳುತ್ತಿದ್ದನಂತೆ. ಮೇಷ್ಟ್ರು ಏಕೆ ಸುಳ್ಳು ಹೇಳುತ್ತಾರೆ ಎಂದು ಊರು ಕೇಳುತ್ತಿತ್ತು. ನಾನೂ ನಂಬಿರಲಿಲ್ಲ ಎಂದು ಬರೆದಿದ್ದಳು. ಊಟ ಹಾಕಿದೆ, ಬಟ್ಟೆ ಒಗೆದೆ, ನಂಬಲಿಲ್ಲ. ಈಗ ನಂಬುತ್ತೇನೆ, ಹೇಳೋಣವೆಂದರೆ ಅವನಿಲ್ಲ. ಏಪ್ರಿಲಿನಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ವಾರ ತೀರಿಕೊಂಡ.

ಕೆಳಗೆ ಒಂದು ಪ್ರಶ್ನೆ ಇತ್ತು. ಇಷ್ಟೆಲ್ಲ ಬರೆದ ಮೇಷ್ಟ್ರು ಏಕೆ ಸಹಿ ಹಾಕಲಿಲ್ಲ? ಕೊನೆಗೂ ಹೆದರಿದರೇ?

ನಾನು ಅಂದೇ ಉತ್ತರ ಬರೆದೆ. ಅವರು ಹೆದರಲಿಲ್ಲ. ಸಹಿ ಹಾಕಲು ನಿಗದಿಯಾಗಿದ್ದ ದಿನದ ಹಿಂದಿನ ದಿನ ಪಾರ್ಶ್ವವಾಯು ಬಡಿಯಿತು, ಮೂರು ದಿನದ ನಂತರ ತೀರಿಕೊಂಡರು ಎಂದು ಬರೆದೆ. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ದಿನ, ವಾರ ಎಲ್ಲ ಸರಿಯಾಗಿತ್ತು. ಎರಡು ಸಲ ಓದಿ ಅಂಚೆಗೆ ಹಾಕಿದೆ. ಅವಳು ಮತ್ತೆ ಬರೆಯಲಿಲ್ಲ.

ನನಗೀಗ ಎಂಬತ್ತೆರಡು. ಫ್ಯಾಕ್ಟೋರಿಯಾದ ಆ ಮನೆ ಬಿಟ್ಟು ಬಹಳ ವರ್ಷವಾಯಿತು. ಆ ತಂಗಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಅವಳ ಪ್ರಶ್ನೆಗೆ ಉತ್ತರ ಇದು: ಫೆಬ್ರವರಿಯ ಎರಡನೆಯ ವಾರದಲ್ಲೇ ಕಾಗದ ಸಿದ್ಧವಾಗಿತ್ತು. ನಿನ್ನ ಊರಿಗೆ ಅಂಚೆ ತಲುಪಲು ಎರಡು ವಾರ, ಹೆಚ್ಚೆಂದರೆ ಮೂರು. ನಿನ್ನ ಅಣ್ಣ ಆಗ ಹಿಂದಿನ ಕೋಣೆಯಲ್ಲಿ ಬದುಕಿದ್ದ. ಮೇಷ್ಟ್ರು ಕೋಟು ಹಾಕಿಕೊಂಡು ಸಹಿ ಮಾಡಲು ಬಂದಿದ್ದರು. ಆಸ್ಪತ್ರೆಯಲ್ಲಿ ಎಡಗೈಯನ್ನೂ ಎತ್ತಿದ್ದರು. ಪೆನ್ನು ನನ್ನ ಚೀಲದಲ್ಲಿತ್ತು. ನಾನು ಕೊಡಲಿಲ್ಲ.